ಹಿಂದಿನ ಬೆಂಚಿನ ಮೇಷ್ಟ್ರು

"ಒಬ್ಬರು ಮಾಡುವ ಕೆಲಸಕ್ಕೆ ಇಬ್ಬರಾ? ದುಡ್ಡೇನು ಮೇಲಿಂದ ಉದುರುತ್ತಾ?"

ಒಬ್ಬ ಶಿಕ್ಷಕರ ತರಗತಿಯನ್ನು ಇನ್ನೊಬ್ಬ ಶಿಕ್ಷಕರು ಹಿಂದೆ ಕೂತು ನೋಡಬೇಕು ಎಂಬ ನನ್ನ ಪ್ರಸ್ತಾವವನ್ನು ನಮ್ಮ ಲೆಕ್ಕಪತ್ರ ನೋಡಿಕೊಳ್ಳುವವರು ಪೂರ್ತಿ ಓದದೆಯೇ ಹಾಳೆಯನ್ನು ವಾಪಸ್ ತಳ್ಳಿ ಹೇಳಿದ ಮಾತಿದು. ಹಿರಿಯ ಶಿಕ್ಷಕರೊಬ್ಬರು ಇನ್ನೂ ಖಾರವಾಗಿದ್ದರು: "ತರಗತಿಯ ಹಿಂದೆ ಇನ್ನೊಬ್ಬರನ್ನು ಕೂರಿಸುವುದು ಕಲಿಕೆಯಲ್ಲ ಮೇಡಂ, ಗೂಢಚಾರಿಕೆ." ಆವತ್ತು ಇಬ್ಬರಿಗೂ ಏನೂ ಹೇಳಲಾಗಲಿಲ್ಲ. ಎರಡು ವರ್ಷ ಕಳೆದಿದೆ. ಅದೇ ಲೆಕ್ಕಪತ್ರದವರು ಈಗ ಬೇರೆ ತಂಡದವರಿಗೆ ನನ್ನ ನಂಬರು ಕೊಡುತ್ತಿದ್ದಾರೆ. ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿ ಇದನ್ನು ಬರೆಯಲು ಕೂತೆ.

ನಮ್ಮದು ವಯಸ್ಕರಿಗೆ ಓದು ಬರಹ ಕಲಿಸುವ ಸಂಜೆ ತರಗತಿ. 14 ಶಿಕ್ಷಕರು, ಒಬ್ಬೊಬ್ಬರಿಗೆ ಸುಮಾರು 25 ಜನರ ಒಂದೊಂದು ತಂಡ. ಬರುವವರೆಲ್ಲ ದಿನವಿಡೀ ದುಡಿದು ಬಂದವರು. ಅವರನ್ನು ಮಕ್ಕಳಂತೆ ಕಂಡರೆ ಮಾರನೇ ದಿನ ಬರುವುದಿಲ್ಲ, ಯಾಕೆ ಬರಲಿಲ್ಲವೆಂದು ಹೇಳುವುದೂ ಇಲ್ಲ. ಇದೆಲ್ಲ ನಿಮಗೆ ಗೊತ್ತಿರುವುದೇ. ನನ್ನ ತಲೆನೋವು ಕಲಿಯುವವರದ್ದಾಗಿರಲಿಲ್ಲ, ಕಲಿಸುವವರದ್ದು. ಹದಿನಾಲ್ಕು ಜನವೂ ಒಳ್ಳೆಯವರೇ, ಆದರೆ ಹದಿನಾಲ್ಕು ದ್ವೀಪ. ಪಕ್ಕದ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಹೊರಗಿನಿಂದ ತರಬೇತುದಾರರನ್ನು ಕರೆಸಿ ಮೂರು ದಿನದ ವಸತಿ ಶಿಬಿರ ನಡೆಸಿದೆ. ವರ್ಷದ ತರಬೇತಿ ಹಣದ ಮುಕ್ಕಾಲು ಪಾಲು ಅಲ್ಲೇ ಕರಗಿತು. ಹಳೆ ಪೇಪರಿನಲ್ಲಿ ಗೋಪುರ ಕಟ್ಟಿದೆವು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಬ್ಬರನ್ನೊಬ್ಬರು ನಡೆಸಿದೆವು, ಚಾರ್ಟ್ ಪೇಪರ್ ಗೋಡೆಯ ತುಂಬ ಅಂಟಿಸಿದೆವು. ಲೆಕ್ಚರ್ ಕೊಡಬೇಡಿ ಎನ್ನುವುದರ ಬಗ್ಗೆ ಒಂದೂವರೆ ಗಂಟೆ ಲೆಕ್ಚರ್ ಕೇಳಿದೆವು. ಮುಂದಿನ ಸೋಮವಾರ ಒಂದು ತರಗತಿಗೆ ಹೋಗಿ ನೋಡುತ್ತೇನೆ: ಶಿಬಿರದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರೇ ಬೋರ್ಡಿಗೆ ಅಂಟಿಕೊಂಡು ಮಾತಾಡುತ್ತಿದ್ದಾರೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮನೆಗೆ ಬಂದು ಲೆಕ್ಕ ಹಾಕಿದೆ. 40 ನಿಮಿಷದಲ್ಲಿ ಅವರದೇ ದನಿ ಹೆಚ್ಚುಕಡಿಮೆ 33 ನಿಮಿಷ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು.

ಆಮೇಲೆ ವಾಟ್ಸ್‌ಆ್ಯಪ್ ಗುಂಪು ಮಾಡಿದೆ. ಮೂರನೇ ವಾರಕ್ಕೆ ಅದರಲ್ಲಿ ಉಳಿದದ್ದು ಶುಭೋದಯ ಮಾತ್ರ. ಅದಕ್ಕಿಂತ ದೊಡ್ಡ ತಪ್ಪು ತಿಂಗಳ ಉತ್ತಮ ಶಿಕ್ಷಕ ಬಹುಮಾನ. ನಮ್ಮಲ್ಲೊಬ್ಬರು ರಟ್ಟು ಕತ್ತರಿಸಿ ಅಂದವಾದ ಪದಪಟ್ಟಿಗಳನ್ನು ಮಾಡುತ್ತಿದ್ದರು. ಅವು ಸ್ಟಾಫ್ ರೂಮಿನ ಕಪಾಟಿನಲ್ಲಿ ಬಿದ್ದಿರುತ್ತಿದ್ದವು, ಬೇಕಾದವರು ಒಯ್ಯುತ್ತಿದ್ದರು. ಬಹುಮಾನ ಘೋಷಿಸಿದ ವಾರದಿಂದ ಪಟ್ಟಿಗಳು ಅವರ ಬ್ಯಾಗಿನಲ್ಲಿ ಮನೆಗೆ ಹೋಗತೊಡಗಿದವು. ಎರಡೇ ತಿಂಗಳಿಗೆ ಬಹುಮಾನ ನಿಲ್ಲಿಸಿದೆ. ಪಟ್ಟಿಗಳು ಕಪಾಟಿಗೆ ವಾಪಸ್ ಬರಲು ವರ್ಷ ಹಿಡಿಯಿತು.

ಆಗ ಹೊಳೆದದ್ದು, ಒಂದು ತರಗತಿಗೆ ಹಲವು ಶಿಕ್ಷಕರು ಎಂಬ ಯೋಚನೆ. ಅಲ್ಲೂ ಮೊದಲು ಕೈ ಸುಟ್ಟುಕೊಂಡೆ. ಉತ್ಸಾಹದಲ್ಲಿ ಒಂದೇ ಕೋಣೆಗೆ ನಾಲ್ಕು ಜನರನ್ನು ಹಾಕಿದ್ದೆ. ಒಬ್ಬರು ಪಾಠ ಮಾಡಿದರು, ಒಬ್ಬರು ಫೋನ್ ನೋಡಿದರು, ಇಬ್ಬರು ಪಿಸುಗುಟ್ಟಿದರು. ಹಗ್ಗ ಎಳೆಯುವವರ ಸಂಖ್ಯೆ ಹೆಚ್ಚಿದಂತೆ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತದೆ ಎಂದು ಫ್ರಾನ್ಸಿನ ಎಂಜಿನಿಯರ್ ರಿಂಗೆಲ್‌ಮನ್ ನೂರು ವರ್ಷಕ್ಕೂ ಹಿಂದೆಯೇ ಅಳೆದು ತೋರಿಸಿದ್ದ. ನಾನು ಅದನ್ನು ನನ್ನ ಖರ್ಚಿನಲ್ಲಿ ಮತ್ತೊಮ್ಮೆ ಸಾಬೀತುಪಡಿಸಿದೆ. ಅಂದಿನಿಂದ ಇಬ್ಬರೇ. ಮೂರನೆಯವರಿಗೆ ಬಾಗಿಲಿಲ್ಲ, ನನಗೂ ಇಲ್ಲ.

ವ್ಯವಸ್ಥೆ ಸರಳ. ಏಳು ಜನರ ತರಗತಿ ಸೋಮ, ಬುಧ, ಶುಕ್ರ. ಉಳಿದ ಏಳು ಜನರದ್ದು ಮಂಗಳ, ಗುರು, ಶನಿ. ತಮ್ಮ ಬಿಡುವಿನ ದಿನಗಳಲ್ಲಿ ವಾರಕ್ಕೊಂದು ಸಂಜೆ ಜೊತೆಗಾರರ ತರಗತಿಯಲ್ಲಿ ಹಿಂದೆ ಕೂರಬೇಕು, ಕೈಯಲ್ಲೊಂದು ನೋಟ್‌ಬುಕ್. ತರಗತಿ ಮುಗಿದ ತಕ್ಷಣ, ಅದೇ ಕೋಣೆಯಲ್ಲಿ, 20 ನಿಮಿಷ ಮಾತು. ನಾಳೆ ಮಾತಾಡೋಣ ಎಂದರೆ ಮುಗಿಯಿತು, ಆ ನಾಳೆ ಬರುವುದೇ ಇಲ್ಲ.

ಮೊದಲ ತಿಂಗಳ ನೋಟ್‌ಬುಕ್ಕುಗಳನ್ನು ತೆರೆದರೆ ಅಳು ಬರುವಂತಿತ್ತು. ಅರ್ಧ ಜನ "ತುಂಬಾ ಚೆನ್ನಾಗಿ ಮೂಡಿಬಂತು" ಎಂದು ಬರೆದಿದ್ದರು. ಉಳಿದರ್ಧ "ದನಿ ಏರಿಳಿತ ಸಾಲದು, ಅಕ್ಷರ ಸಣ್ಣದಾಯಿತು" ಎಂದು ಇನ್ಸ್‌ಪೆಕ್ಟರ್ ಆಗಿಬಿಟ್ಟಿದ್ದರು. ಎರಡರಿಂದಲೂ ಮೂರು ಕಾಸಿನ ಉಪಯೋಗವಿಲ್ಲ. ಒಂದು ರಾತ್ರಿ ಹೊಳೆದ ನಿಯಮವೇ ಎಲ್ಲವನ್ನೂ ಬದಲಿಸಿತು, ಇದರ ಬಗ್ಗೆ ನನಗೆ ಸ್ವಲ್ಪ ಜಂಬವಿದೆ: ಬರೆಯುವ ಯಾವ ವಾಕ್ಯಕ್ಕೂ ಪಾಠ ಮಾಡುವ ಶಿಕ್ಷಕರು ಕರ್ತೃ ಆಗಿರಬಾರದು. ಕಲಿಯುವವರು ಏನು ಮಾಡಿದರು, ಏನು ಅಂದರು, ಯಾರತ್ತ ನೋಡಿದರು, ಅಷ್ಟೇ. ಆಮೇಲೆ ತಿಳಿಯಿತು, ಜಪಾನಿನ ಶಿಕ್ಷಕರು ಬಹುಕಾಲದಿಂದ ಒಬ್ಬರ ಪಾಠವನ್ನು ಇತರರು ಕೂತು ನೋಡುವಾಗ ಕಣ್ಣಿಡುವುದು ಮಕ್ಕಳ ಮೇಲೆಯೇ ಅಂತೆ. ಜಂಬ ಅರ್ಧ ಇಳಿಯಿತು. ಉಳಿದರ್ಧ ಇಟ್ಟುಕೊಂಡಿದ್ದೇನೆ.

ಈ ನಿಯಮ ಬಂದ ಎರಡನೇ ವಾರದ ಒಂದು ಪುಟ ನನ್ನ ಬಳಿ ಇನ್ನೂ ಇದೆ. ಬರೆದವರು ತಂಡದಲ್ಲೇ ಕಿರಿಯರು, ಮುಂದೆ ನಿಂತು ಪಾಠ ಮಾಡುತ್ತಿದ್ದವರು ಆ ಗೂಢಚಾರಿಕೆಯ ಮಾತಾಡಿದ ಹಿರಿಯರು. ಪುಟದಲ್ಲಿ ಹೀಗಿತ್ತು: "ಕಿಟಕಿ ಪಕ್ಕದ ಅಮ್ಮ ಮೂರು ಸಾಲು ಸರಿಯಾಗಿ ಬರೆದರು. ಸರ್ ಹತ್ತಿರ ಬಂದಾಗ ಹೆಬ್ಬೆರಳಿಗೆ ಎಂಜಲು ಹಚ್ಚಿ ಕೊನೆಯ ಸಾಲು ಉಜ್ಜಿದರು. ಸರ್ ಹೋದ ಮೇಲೆ ಮತ್ತೆ ಬರೆದರು. ಹೀಗೆ ನಾಲ್ಕು ಸಲ." ಹಿರಿಯರು ಓದಿ ಸುಮ್ಮನೆ ಕೂತರು. ಎರಡು ತಿಂಗಳಿಂದ ಆ ಅಮ್ಮನಿಗೆ ಬರೆಯಲು ಬರುವುದಿಲ್ಲ ಎಂದೇ ಅವರು ರಿಜಿಸ್ಟರಿನಲ್ಲಿ ಗುರುತು ಹಾಕುತ್ತಿದ್ದರು. ಕಾರಣ ಹುಡುಕಿದ್ದು ಅವರೇ. ಚೆನ್ನಾಗಿ ಬರೆದವರ ಪುಸ್ತಕ ಎತ್ತಿ ಇಡೀ ತರಗತಿಗೆ ತೋರಿಸುವುದು ಅವರ ಅಭ್ಯಾಸ. ಅದು ಪ್ರೋತ್ಸಾಹ ಎಂದುಕೊಂಡಿದ್ದರು. ಆ ಅಮ್ಮನಿಗೆ ಎಲ್ಲರೂ ತಿರುಗಿ ನೋಡುವುದೇ ಶಿಕ್ಷೆ. ಪುಸ್ತಕ ಎತ್ತುವುದು ನಿಂತಿತು, ಉಜ್ಜುವುದೂ ನಿಂತಿತು. ನನ್ನ ಮೂರು ದಿನದ ಶಿಬಿರ ಮಾಡಲಾಗದ್ದನ್ನು ನಾಲ್ಕು ಸಾಲು ಮಾಡಿತ್ತು.

ಎಲ್ಲವೂ ಹಾಲು ಜೇನಾಗಿ ನಡೆಯಿತು ಎಂದುಕೊಳ್ಳಬೇಡಿ. ಆರನೇ ವಾರಕ್ಕೆ ಮೂರು ಜೋಡಿಗಳು ಕಿತ್ತಾಡಿಕೊಂಡವು. ಒಂದು ಜೋಡಿಯವರು ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ಯಾವ ಗುಂಪೂ ಹದಕ್ಕೆ ಬರುವ ಮೊದಲು ಜಗಳದ ಹಂತ ದಾಟುತ್ತದೆ ಎಂದು ಮನಶ್ಶಾಸ್ತ್ರಜ್ಞ ಟಕ್‌ಮನ್ 1965ರಲ್ಲೇ ಬರೆದಿಟ್ಟಿದ್ದು ನೆನಪಿತ್ತು, ಆದರೆ ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಅಳುವವರಿಗೆ ಟಕ್‌ಮನ್ ಯಾಕೆ? ಎರಡು ಜೋಡಿಗಳನ್ನು ಹಾಗೆಯೇ ಬಿಟ್ಟೆ, ತಾವೇ ಸರಿಹೋದರು. ಒಂದನ್ನು ಒಡೆದೆ. ಯಾರನ್ನು ಯಾರ ಜೊತೆ ಹಾಕಬೇಕು ಎನ್ನುವುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬರೆದರೆ ನಮ್ಮ ಶಿಕ್ಷಕರೂ ಓದುತ್ತಾರೆ, ಹಾಗಾಗಿ ಬರೆಯುವುದಿಲ್ಲ. ಸ್ನೇಹಿತರನ್ನು ಜೋಡಿ ಮಾಡಬೇಡಿ, ಇಷ್ಟು ಮಾತ್ರ ಹೇಳುತ್ತೇನೆ.

ನಡುವೆ ಕೆಲವು ಅಡ್ಡ ಪ್ರಯೋಗಗಳೂ ಆದವು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದೇ ಸೆಕೆಂಡು, ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲೆಗಳಲ್ಲಿ ಕಂಡುಕೊಂಡಿದ್ದರು. ದೊಡ್ಡವರಿಗೆ ಮೂರು ಸಾಲದು ಎನಿಸಿ ಐದು ಮಾಡಿದೆವು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೆಬ್ಬೆರಳಿನಿಂದ ಒಂದೊಂದು ಬೆರಳು ಮುಟ್ಟುತ್ತಾ ಹೋಗುವುದು, ಕೊನೆಗೆ ಮುಷ್ಟಿ. ಮುಷ್ಟಿಯಾಗುವವರೆಗೆ ಬಾಯಿ ಬಿಡುವಂತಿಲ್ಲ. ಒಬ್ಬರಂತೂ ಆ ಐದು ಸೆಕೆಂಡಿನಲ್ಲಿ ಬೆವರುತ್ತಿದ್ದರು. ಈಗ ತಂಡದ ಸಭೆಯಲ್ಲೂ ಅದನ್ನೇ ಮಾಡುತ್ತೇವೆ, ನಾನೇ ಎಲ್ಲದಕ್ಕೂ ಉತ್ತರ ಕೊಡುವ ಚಟ ಸ್ವಲ್ಪ ತಗ್ಗಿದೆ. ಸಭೆಯಲ್ಲಿ ತಲಾ ಐದು ಬೆಂಕಿಕಡ್ಡಿ ಕೊಟ್ಟು, ಮಾತಿಗೊಂದು ಕಡ್ಡಿ ಎಂದು ಆಡಿದ್ದೂ ಇದೆ. ಮಾತುಗಾರರು ಕಡ್ಡಿ ಸಾಲ ತೆಗೆದುಕೊಳ್ಳಲು ಶುರುಮಾಡಿದ ಮೇಲೆ ಬಿಟ್ಟೆವು.

ಇನ್ನು ದುಡ್ಡಿನ ವಿಷಯ. ಮೊದಲ ತಿಂಗಳು ಹಿಂದೆ ಕೂರುವವರಿಗೆ ಏನೂ ಕೊಡಲಿಲ್ಲ, "ನಿಮ್ಮ ಕಲಿಕೆಗಾಗಿಯೇ ತಾನೇ" ಎಂದೆ. ಎರಡು ಸಲ ಬಂದರು, ಮೂರನೇ ಸಲ ಎಲ್ಲರಿಗೂ ತಲೆನೋವು. ಬಿಟ್ಟಿ ದುಡಿಸಿಕೊಂಡು ತಂಡ ಕಟ್ಟಲಾಗದು. ತರಗತಿಯ ಸಂಭಾವನೆಯ ಅರ್ಧ ಮತ್ತು ಬಸ್ ಖರ್ಚು ಎಂದು ಗೊತ್ತುಮಾಡಿದ ಮೇಲೆ ನಿಂತದ್ದು ಮುಂದುವರಿಯಿತು. ವರ್ಷದ ಕೊನೆಗೆ ಕೂಡಿಸಿದರೆ ಶಿಬಿರಕ್ಕೆ ಸುರಿದ ಹಣದ ಸುಮಾರು ಮೂರನೇ ಒಂದು ಪಾಲು. ಆ ಹಾಳೆಯನ್ನು ಲೆಕ್ಕಪತ್ರದವರ ಮೇಜಿನ ಮೇಲೆ ಇಟ್ಟೆ. ಈ ಸಲ ಹಾಳೆ ವಾಪಸ್ ಬರಲಿಲ್ಲ.

ಫಲ ಏನು ಎಂದರೆ, ಮೊದಲು ಮೂರನೇ ತಿಂಗಳ ಹೊತ್ತಿಗೆ 25ರಲ್ಲಿ 12-13 ಜನ ಉಳಿಯುತ್ತಿದ್ದರು, ಈಗ 18-19. ಶಿಕ್ಷಕರ ದನಿ 33 ನಿಮಿಷದಿಂದ 20ರ ಆಸುಪಾಸಿಗೆ ಇಳಿದಿದೆ. ಒಬ್ಬರು ಮಾತ್ರ 30ರಲ್ಲೇ ನಿಂತಿದ್ದಾರೆ. ಅವರ ಕಥೆಗಳನ್ನು ಕೇಳಲು ಜನ ಬರುತ್ತಾರೆ, ಹಾಗಾಗಿ ಅವರ ತಂಟೆಗೆ ಹೋಗಿಲ್ಲ.

ಈಗಿನ ಹುಚ್ಚು ಬೇರೆ. ಓದು ಬರಹ ಕೈಗೆ ಹತ್ತಿದ ಕಲಿಕಾರ್ಥಿಗಳನ್ನೇ ಹಿಂದೆ ಕೂರಿಸಿ ನೋಟ್‌ಬುಕ್ ಕೊಡುತ್ತಿದ್ದೇವೆ. ಮೊದಲ ಸಲ ಕೂತದ್ದು ಆ ಕಿಟಕಿ ಪಕ್ಕದ ಅಮ್ಮನೇ. ಒಂದು ಗಂಟೆ ಕೂತು ಒಂದೇ ಸಾಲು ಬರೆದರು: "ಮೇಷ್ಟ್ರು ಆರು ಸಲ ವಾಚು ನೋಡಿದರು." ನಿಯಮ ಮುರಿದಿದ್ದಾರೆ, ಕರ್ತೃ ಮೇಷ್ಟ್ರೇ. ಅದನ್ನು ಓದಿದ ಮೇಷ್ಟ್ರು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಜೇಬಿಗೆ ಎಷ್ಟು ಸಲ ಕೈ ಹೋಗುತ್ತದೆ ಎಂದು ಬರೆಯಲು ಮುಂದಿನ ವಾರ ಇನ್ನೊಬ್ಬರು ಕೂರಲಿದ್ದಾರೆ.