ಕಣ್ಣು ಬಿಡದ ಬೆಕ್ಕಿನ ಮರಿ ಸಿಕ್ಕಿದ್ರೆ: ಮೊದ್ಲು ಬೆಚ್ಚಗೆ ಮಾಡಿ, ಹಾಲು ಆಮೇಲೆ

ಜೂನ್‌ನಲ್ಲಿ ಮಳೆ ಹಿಡ್ಕೊಂಡ್ರೆ ಮುಂಬೈ ಅಪಾರ್ಟ್‌ಮೆಂಟ್ ಸೊಸೈಟಿಗಳಲ್ಲಿ ಮೀಟರ್ ರೂಮಿಂದನೋ ಕಾರಿನ ಬಾನೆಟ್ ಒಳಗಿಂದನೋ ಬೆಕ್ಕಿನ ಮರಿ ಕೂಗೋದು ಕೇಳ್ತಾನೇ ಇರುತ್ತೆ. ಕೇಳಿದ ಕೂಡ್ಲೇ ಎತ್ಕೊಂಡು ಮನೆಗೆ ಬರ್ಬೇಡಿ. ತಾಯಿ ಬೆಕ್ಕು ಮರಿಗಳನ್ನ ಒಂದೊಂದಾಗಿ ಬಾಯಲ್ಲಿ ಕಚ್ಕೊಂಡು ಜಾಗ ಬದಲಾಯಿಸ್ತಾ ಇರುತ್ತೆ, ಒಂದನ್ನ ಇಟ್ಟು ಬರೋಕೆ ಹೋಗಿರ್ಬಹುದು, ಇಲ್ಲಾ ಹೊಟ್ಟೆಪಾಡಿಗೆ ಹೋಗಿರ್ಬಹುದು, ನೀವು ಪಕ್ಕದಲ್ಲೇ ನಿಂತಿದ್ರೆ ಅದು ಹತ್ರ ಬರೋದೇ ಇಲ್ಲ. ದೂರದಿಂದ ಎರಡ್ಮೂರು ಗಂಟೆ ನೋಡಿ, ವಾಚ್‌ಮನ್‌ನ ಕೇಳಿ, ಯಾವ ಬೆಕ್ಕು ಎಲ್ಲಿ ಮರಿ ಹಾಕಿದೆ ಅಂತ ಅವ್ರಿಗೆ ಗೊತ್ತಿರುತ್ತೆ. ಮನುಷ್ಯರು ಮುಟ್ಟಿದ್ರೆ ತಾಯಿ ಮರೀನ ಸೇರಿಸಲ್ಲ ಅನ್ನೋದು ನಿಜ ಅಲ್ಲ, ಹಾಗಾಗಿ ನೀರು ನುಗ್ತಾ ಇದ್ರೆ ಎತ್ತಿ ಅಲ್ಲೇ ಒಣಗಿದ ಮೂಲೆಲಿ ರಟ್ಟಿನ ಡಬ್ಬದೊಳಗೆ ಇಟ್ಟು ಕಾಯಿರಿ. ಮರಿ ತಣ್ಣಗಾಗಿದ್ರೆ, ಗಾಯ ಆಗಿದ್ರೆ, ಇರುವೆ ಮುತ್ಕೊಂಡಿದ್ರೆ ಮಾತ್ರ ಕಾಯೋದು ಬೇಡ.

ಇನ್ನು ಮನೆಗೆ ತಂದ್ರಿ ಅಂದ್ಕೊಳ್ಳಿ. ಪಕ್ಕದ್ಮನೆ ಆಂಟಿ ಬಂದು "ಪಾಪ ಮಾರಾಯ್ತಿ, ಹಸಿದಿದೆ, ಸ್ವಲ್ಪ ಹಾಲು ಹಾಕು" ಅಂತಾರೆ, ಒಳ್ಳೆ ಮನಸ್ಸಿಂದಲೇ ಹೇಳ್ತಾರೆ, ಆದ್ರೆ ತಣ್ಣಗಿರೋ ಮರಿಗೆ ಹಾಲು ಕುಡಿಸಿದ್ರೆ ಅದು ಸಾಯೋ ಸಾಧ್ಯತೆ ಜಾಸ್ತಿ. ಮೈ ತಣ್ಣಗಿದ್ದಾಗ ಹೊಟ್ಟೆ ಕರುಳು ಕೆಲಸ ಮಾಡಲ್ಲ, ನುಂಗೋ ಶಕ್ತಿ ಇರಲ್ಲ, ಹಾಲು ಶ್ವಾಸಕೋಶಕ್ಕೆ ಹೋಗುತ್ತೆ. ಮೊದಲೆರಡು ವಾರ ಮರಿಗಳಿಗೆ ತಮ್ಮ ಮೈ ತಾವೇ ಬೆಚ್ಚಗಿಟ್ಕೊಳ್ಳೋಕೆ ಬರಲ್ಲ, ಮುಂಬೈ ಸೆಖೆ ಸಾಕಲ್ವಾ ಅನ್ಬೇಡಿ, ನಮಗೆ ಬೆವರು ಹರೀತಿರುವಾಗಲೂ ನೆನೆದ ಮರಿ ಫ್ಯಾನಿನ ಕೆಳಗೆ ತಣ್ಣಗಾಗಿಬಿಡುತ್ತೆ. ಟವೆಲ್‌ನಲ್ಲಿ ಒರೆಸಿ, ಸ್ನಾನ ಬೇಡವೇ ಬೇಡ. ಬಾಟ್ಲಿಗೆ ಬಿಸಿನೀರು ತುಂಬಿ ಹಳೇ ಸಾಕ್ಸ್‌ನೊಳಗೆ ಹಾಕಿ ಮೇಲೆ ಬಟ್ಟೆ ಸುತ್ತಿ ಡಬ್ಬದ ಒಂದು ಬದಿಗೆ ಇಡಿ, ಇನ್ನೊಂದು ಬದಿ ಖಾಲಿ ಬಿಡಿ, ಸೆಖೆ ಆದ್ರೆ ಮರಿ ಆ ಕಡೆ ತೆವಳ್ಕೊಂಡು ಹೋಗ್ಬೇಕು. ಮೊದಲ ವಾರದಲ್ಲಿ ಡಬ್ಬದೊಳಗೆ 30ರಿಂದ 32 ಡಿಗ್ರಿ ಇರ್ಲಿ. ಬಾಯೊಳಗೆ ಕಿರುಬೆರಳು ಇಟ್ಟು ನೋಡಿ, ತಣ್ಣಗಿದ್ರೆ ಇನ್ನೂ ಹಾಲು ಕೊಡೋ ಹೊತ್ತಾಗಿಲ್ಲ. ನಿಧಾನಕ್ಕೆ ಬೆಚ್ಚಗಾಗ್ಲಿ, ಒಂದೆರಡು ಗಂಟೆ ಹಿಡಿದ್ರೂ ಪರವಾಗಿಲ್ಲ.

ಹೊಕ್ಕುಳಬಳ್ಳಿ ಇನ್ನೂ ಅಂಟ್ಕೊಂಡಿದ್ರೆ ಹುಟ್ಟಿ ನಾಲ್ಕೈದು ದಿನ ಅಷ್ಟೇ. ಕಣ್ಣು 7ರಿಂದ 14 ದಿನದೊಳಗೆ ಬಿಡುತ್ತೆ, ಮೂರು ವಾರಕ್ಕೆ ಕಿವಿ ನೆಟ್ಟಗಾಗಿ ಮುಂದಿನ ಪುಟ್ಟ ಹಲ್ಲು ಬರುತ್ತೆ. ವಯಸ್ಸು ಅಂದಾಜಿದ್ರೆನೇ ಹಾಲಿನ ಲೆಕ್ಕ ಸಿಗೋದು.

ಹಾಲು ಅಂದ್ರೆ ಪ್ಯಾಕೆಟ್ ಹಾಲಲ್ಲ. ಹಸು ಎಮ್ಮೆ ಹಾಲು ಈ ಮರಿಗಳಿಗೆ ಭೇದಿ ಮಾಡಿಸುತ್ತೆ, ಇಷ್ಟು ಸಣ್ಣ ಜೀವಕ್ಕೆ ಒಂದು ದಿನದ ಭೇದಿನೇ ಸಾಕು. ಪೆಟ್ ಶಾಪ್‌ನಲ್ಲಿ, ಆನ್‌ಲೈನ್‌ನಲ್ಲಿ ಬೆಕ್ಕಿನ ಮರಿಗಂತಲೇ ಹಾಲಿನ ಪುಡಿ ಸಿಗುತ್ತೆ, ಕೆಎಂಆರ್, ರಾಯಲ್ ಕ್ಯಾನಿನ್ ಬೇಬಿಕ್ಯಾಟ್ ಮಿಲ್ಕ್ ಇಂಥವು, ರೇಟ್ ಜಾಸ್ತಿನೇ ಆದ್ರೆ ಬೇರೆ ದಾರಿ ಇಲ್ಲ. ಅದು ಕೈಗೆ ಬರೋವರೆಗೆ ಒಂದು ರಾತ್ರಿ ಮಟ್ಟಿಗೆ ಆಡಿನ ಹಾಲಲ್ಲಿ ಸುಧಾರಿಸ್ಬಹುದು, ಅದಕ್ಕಿಂತ ಹೆಚ್ಚಿಗೆ ಬೇಡ. ಮೀನು ಮಾರ್ಕೆಟ್ ಕಡೆ ಒಮ್ಮೆ ವಿಚಾರಿಸಿ ನೋಡಿ, ಹಾಲೂಡಿಸ್ತಿರೋ ಬೇರೆ ತಾಯಿ ಬೆಕ್ಕು ಸಿಕ್ಕಿದ್ರೆ ಎಷ್ಟೋ ಸಲ ಪರರ ಮರೀನೂ ಸೇರಿಸ್ಕೊಳ್ಳುತ್ತೆ, ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ.

ಹಾಲಿನ ಪುಡೀನ ಕುದಿಸಿ ಆರಿಸಿದ ನೀರಲ್ಲಿ ಡಬ್ಬಿ ಮೇಲೆ ಬರೆದ ಅಳತೆಗೇ ಕಲಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ರೆ ಉಗುರು ಬೆಚ್ಚಗೆ ಅನ್ನಿಸ್ಬೇಕು. ಮರೀನ ಮಗು ಥರ ಬೆನ್ನ ಮೇಲೆ ಮಲಗಿಸಿ ಕುಡಿಸ್ಬೇಡಿ, ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ. ಹೊಟ್ಟೆ ಕೆಳಗಾಗಿ ಟವೆಲ್ ಮೇಲೆ ಬಿಡಿ, ತಾಯಿ ಹತ್ರ ಹೇಗೆ ಕುಡಿಯುತ್ತೋ ಹಾಗೆ, ತಲೆ ಸ್ವಲ್ಪ ಮೇಲೆ. ನಿಪ್ಪಲ್ ಇರೋ ಬಾಟ್ಲಿ ತಲೆಕೆಳಗು ಮಾಡಿದ್ರೆ ಹಾಲು ಹನಿಹನಿಯಾಗಿ ಬೀಳ್ಬೇಕು, ಧಾರೆ ಬಿದ್ರೆ ತೂತು ದೊಡ್ಡದಾಯ್ತು. 1 ಎಂಎಲ್ ಸಿರಿಂಜ್ ಆದ್ರೆ ನೀವು ಒತ್ತಿ ತಳ್ಳೋಕೆ ಹೋಗ್ಬೇಡಿ, ಅದು ನೆಕ್ಕಿದಷ್ಟೇ ಹನಿ ಬಿಡಿ. ಸರಿಯಾಗಿ ಚೀಪೋಕೆ ಶುರು ಮಾಡಿದ್ರೆ ಎರಡೂ ಕಿವಿ ಪಟಪಟ ಅಲ್ಲಾಡುತ್ತೆ, ಮುಂಗಾಲು ಗಾಳಿಲಿ ಒತ್ತುತ್ತೆ, ಅದನ್ನ ನೋಡಿದಾಗ ನಿಮಗೂ ಉಸಿರು ಬಂದಂಗಾಗುತ್ತೆ. ಮೂಗಿಂದ ಹಾಲು ಬಂದ್ರೆ ತಕ್ಷಣ ನಿಲ್ಲಿಸಿ, ತಲೆ ಬಗ್ಗಿಸಿ ಒರೆಸಿ, ಆಮೇಲೆ ಉಸಿರಾಟದಲ್ಲಿ ಗೊರಗೊರ ಸದ್ದು ಬಂದ್ರೆ ನೇರ ಡಾಕ್ಟರ್ ಹತ್ರ. 100 ಗ್ರಾಂ ಮರಿಗೆ ಒಂದು ಸಲಕ್ಕೆ 4 ಎಂಎಲ್ ಆಸುಪಾಸು ಸಾಕು. ಮೊದಲ ವಾರ ಎರಡ್ಮೂರು ಗಂಟೆಗೊಮ್ಮೆ, ರಾತ್ರಿನೂ ಸೇರಿ, ಎರಡನೇ ವಾರ ಮೂರ್ನಾಲ್ಕು ಗಂಟೆಗೊಮ್ಮೆ. ದೂರದ ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್ ಕಡೆ ಆಫೀಸಿಗೆ ಓಡಾಡೋರಿಗೆ ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ, ಹಗಲಿಗೆ ಯಾರು ರಾತ್ರಿಗೆ ಯಾರು ಅಂತ ಮೊದಲ ದಿನವೇ ಮಾತಾಡ್ಕೊಳ್ಳಿ.

ತುಂಬ ಜನರಿಗೆ ಗೊತ್ತಿಲ್ಲದ್ದು ಇದು: ಮೂರ್ನಾಲ್ಕು ವಾರದವರೆಗೆ ಮರಿಗೆ ತಾನಾಗೇ ಉಚ್ಚೆ ಕಕ್ಕ ಬರಲ್ಲ, ತಾಯಿ ನೆಕ್ಕಿ ಮಾಡಿಸುತ್ತೆ. ಹತ್ತೀನ ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ ಬಾಲದ ಕೆಳಗೆ ಮೆಲ್ಲಗೆ ತಟ್ತಾ ಸವರಿ, ಪ್ರತಿ ಸಲ ಹಾಲಿನ ಹಿಂದೆಮುಂದೆ. ಹತ್ತಿ ಮೇಲೆ ತಿಳಿ ಹಳದಿ ಬಂದ್ರೆ ಚೆನ್ನಾಗಿದೆ, ಗಾಢ ಹಳದಿ ಬಂದ್ರೆ ಮೈಯಲ್ಲಿ ನೀರು ಕಮ್ಮಿ ಅಂತ. ಕಕ್ಕ ದಿನಕ್ಕೊಮ್ಮೆ ಬಂದ್ರೂ ಸಾಕು.

ಅಡುಗೆಮನೆ ತಕ್ಕಡಿಲಿ ದಿನಾ ಅದೇ ಹೊತ್ತಿಗೆ ತೂಕ ಬರೆದಿಡಿ. ದಿನಕ್ಕೆ 10ರಿಂದ 15 ಗ್ರಾಂ ಏರ್ಬೇಕು. ಏರದೇ ಇದ್ರೆ, ಇಳಿದ್ರೆ, ಮರಿ ನೋಡೋಕೆ ಚುರುಕಾಗೇ ಇದ್ರೂ ಅವತ್ತೇ ತೋರಿಸಿ, ತಕ್ಕಡಿ ಹೇಳೋದು ಕಣ್ಣಿಗೆ ಲೇಟಾಗಿ ಕಾಣುತ್ತೆ. ಒಸಡು ಬಿಳಿಚಿದ್ರೆ, ಬಾಯಿ ತೆರೆದು ಉಸಿರಾಡಿದ್ರೆ, ನೀರು ಭೇದಿ ಆದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ಪರೇಲ್‌ನ ಬಾಯಿ ಸಾಕರ್‌ಬಾಯಿ ಪ್ರಾಣಿ ಆಸ್ಪತ್ರೆ ನೂರು ವರ್ಷಕ್ಕೂ ಹಳೇದು, ಟ್ಯಾಕ್ಸಿಯವರಿಗೂ ದಾರಿ ಗೊತ್ತು, ಆದ್ರೆ ನಿಮ್ಮ ಏರಿಯಾದಲ್ಲಿ ರಾತ್ರಿ ತೆರೆದಿರೋ ಕ್ಲಿನಿಕ್ ನಂಬರ್ ಮೊದ್ಲೇ ಸೇವ್ ಮಾಡ್ಕೊಳ್ಳಿ.

ಚಿಗಟ ಇದ್ರೆ ಸಣ್ಣ ಹಣಿಗೆಲಿ ಬಾಚಿ ಸೋಪು ನೀರಲ್ಲಿ ಅದ್ದಿ ಸಾಯಿಸಿ, ತುಂಬ ಚಿಗಟ ಇದ್ರೆ ಮರಿಗೆ ರಕ್ತನೇ ಕಮ್ಮಿಯಾಗುತ್ತೆ. ನಾಯಿಗೆ ಹಾಕೋ ಚಿಗಟದ ಔಷಧಿ ಹತ್ರವೂ ತರ್ಬೇಡಿ, ಅದರಲ್ಲಿ ಪರ್ಮೆತ್ರಿನ್ ಇದ್ರೆ ಬೆಕ್ಕಿಗೆ ಅದು ವಿಷ. ಮನೇಲಿ ಬೇರೆ ಬೆಕ್ಕಿದ್ರೆ ಎರಡು ವಾರ ಬೇರೆ ರೂಮಲ್ಲಿ ಇಡಿ, ಕೈ ತೊಳೀರಿ.

ನಾಲ್ಕು ವಾರಕ್ಕೆ ಅದೇ ಪುಡಿ ಹಾಲಲ್ಲಿ ಕಲಸಿದ ಮೆತ್ತನೆ ಕಿಟನ್ ಫುಡ್ ತಟ್ಟೆಲಿ ಇಡಿ, ಉಚ್ಚೆ ಕಕ್ಕಕ್ಕೆ ಅಗಲದ ಟ್ರೇಲಿ ಹರಿದ ಪೇಪರ್ ಹಾಕಿಡಿ, ಒದ್ದೆಯಾದ್ರೆ ಗಟ್ಟಿ ಕಟ್ಟೋ ಲಿಟ್ಟರ್ (ಟ್ರೇಗೆ ಹಾಕೋ ಮರಳಿನಂಥ ಪುಡಿ) ಈಗ್ಲೇ ಬೇಡ, ತಿಂದುಬಿಡ್ತಾವೆ. ಜಂತಿನ ಔಷಧಿ ಡಾಕ್ಟರ್ ತೂಕ ನೋಡಿ ಕೊಡ್ಲಿ, ಮೊದಲ ಲಸಿಕೆ 6ರಿಂದ 8 ವಾರಕ್ಕೆ. ಮರಿಗೆ ಸಾಕೋರ ಮನೆ ಹುಡುಕೋದೂ ಆವಾಗಲೇ ಶುರು ಮಾಡಿ, ಮಹಡಿ ಮನೆಯವರು ಕೇಳಿದ್ರೆ ಬಾಲ್ಕನಿಗೂ ಕಿಟಕಿಗೂ ಬಲೆ ಹಾಕಿಸಿದ್ದಾರಾ ಅಂತ ಹೋಗಿ ಕಣ್ಣಾರೆ ನೋಡಿದ ಮೇಲೇ ಮರಿ ಕೊಡಿ.