ಬೆಳಿಗ್ಗೆ 5ಕ್ಕೆ ಲಾರಿ ಹೊರಡಬೇಕು, ಹಾಗಾದರೆ ತಪಾಸಣೆ ಯಾವಾಗ?

ಲೋಡ್ ಆಗುವುದು ತಡವಾಯಿತು. ಬಿಲ್ ಕೈಗೆ ಬರುವುದು ಇನ್ನೂ ತಡವಾಯಿತು. ಹೊರಡುವ ಹೊತ್ತು ಮಾತ್ರ ಬದಲಾಗಲಿಲ್ಲ. ಆಗ ಕತ್ತರಿ ಬೀಳುವುದು ಲಾರಿಯ ಸುತ್ತ ಒಂದು ಸುತ್ತು ಬಂದು ನೋಡುವ ಆ 20 ನಿಮಿಷಕ್ಕೇ, ಅಲ್ವಾ? ಇದು ತಪ್ಪಬೇಕು. ಕೆಲಸವನ್ನು ಸರಿಯಾಗಿ ಹಂಚಿಕೊಂಡರೆ ತಪ್ಪಿಸಬಹುದು.

ಶುರು ಮಾಡಬೇಕಾದ್ದು ಹೊರಡುವ ದಿನವಲ್ಲ, ಹಿಂದಿನ ಟ್ರಿಪ್ ಮುಗಿದ ಕೂಡಲೇ. ಬ್ರೇಕ್ ಒಂದು ಕಡೆ ಎಳೆಯುತ್ತಿತ್ತು, ಎಡಗಡೆ ಇಂಡಿಕೇಟರ್ ಉರಿಯಲಿಲ್ಲ ಎಂಬುದೆಲ್ಲ ಆಗ ಡ್ರೈವರ್‌ಗೆ ನೆನಪಿರುತ್ತದೆ. ಅಲ್ಲೇ ಬರೆದಿಡಿ. ಗಾಡಿ ನಿಲ್ಲಿಸಿದ ಮೇಲೆ ಪ್ರತಿ ಚಕ್ರದ ಹಬ್ (ಚಕ್ರದ ನಡುಭಾಗ) ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು, ಇಲ್ಲವೇ ಬೇರಿಂಗ್ ಹೋಗುತ್ತಿರಬಹುದು. ಬೆಳಿಗ್ಗೆ ಎಲ್ಲ ತಣ್ಣಗಾದ ಮೇಲೆ ಇದು ಗೊತ್ತಾಗುವುದೇ ಇಲ್ಲ. ಸಂಜೆಯೇ ಸಿಕ್ಕರೆ ರಿಪೇರಿಗೆ ಇಡೀ ರಾತ್ರಿ ಇದೆ.

ಟೈರಿನ ಗಾಳಿ ಮಾತ್ರ ಇದಕ್ಕೆ ಉಲ್ಟಾ. ಅದನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ನೋಡಬೇಕು. ಓಡಿ ಬಂದ ಟೈರಿನಲ್ಲಿ ಗೇಜ್ ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ, ತಣ್ಣಗಾದಾಗ ಗಾಳಿ ಕಡಿಮೆಯಾಗಿರುತ್ತದೆ.

ಇನ್ನು ಸಮಯದ ಲೆಕ್ಕ. 5ಕ್ಕೆ ಗೇಟ್ ದಾಟಬೇಕಾದರೆ 4:30ಕ್ಕೆ ಕೀ ಡ್ರೈವರ್ ಕೈಯಲ್ಲಿರಬೇಕು. ವೇಳಾಪಟ್ಟಿಯಲ್ಲೇ ‘4:30 ತಪಾಸಣೆ’ ಎಂದು ಬರೆಯಿರಿ. ಬರೆಯದ ಕೆಲಸಕ್ಕೆ ಯಾರೂ ಸಮಯ ಕೊಡುವುದಿಲ್ಲ.

ಆ ಅರ್ಧ ಗಂಟೆಯಲ್ಲಿ ಮೊದಲು ಚಕ್ರಗಳಿಗೆ ಅಡ್ಡ ಕೊಟ್ಟು ಎಂಜಿನ್ ಶುರು ಮಾಡಿ. ಬ್ರೇಕ್‌ಗೆ ಬೇಕಾದ ಗಾಳಿ ಕೂಡಿಡುವ ಏರ್ ಟ್ಯಾಂಕ್ ತುಂಬುವ ಹೊತ್ತಿನಲ್ಲಿ ಸುಮ್ನೆ ಕೂರಬೇಡಿ, ಲೈಟ್ ಹಾಕಿ ಕೆಳಗಿಳಿಯಿರಿ. ಒಂದೇ ದಿಕ್ಕಿನಲ್ಲಿ ಸುತ್ತಿ ಬಂದರೆ ಯಾವುದೂ ಬಿಟ್ಟುಹೋಗುವುದಿಲ್ಲ. ಜೋಡಿ ಟೈರಿನಲ್ಲಿ ಒಳಗಿನದನ್ನು ಬಗ್ಗಿ ನೋಡಿ. ಅದರ ಗಾಳಿ ಹೋಗಿದ್ದರೂ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ, ದೂರದಿಂದ ಕಾಣುವುದಿಲ್ಲ. ನಡುವೆ ಕಲ್ಲು ಸಿಕ್ಕಿದ್ದರೆ ತೆಗೆಯಿರಿ. ಚಕ್ರದ ನಟ್ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಆ ನಟ್ ಸಡಿಲವಾಗಿರಬಹುದು.

ಅಷ್ಟರಲ್ಲಿ ಏರ್ ಟ್ಯಾಂಕಿನಲ್ಲಿ ಗಾಳಿ ತುಂಬಿರುತ್ತದೆ. ಎಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಬ್ರೇಕ್ ಪೆಡಲ್ ಒತ್ತಿ ಹಿಡಿಯಿರಿ. ಮೊದಲಿಗೆ ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಅಲ್ಲಿಂದ 1 ನಿಮಿಷ ಎಣಿಸಿ. ಒಂಟಿ ಗಾಡಿಯಲ್ಲಿ 3, ಟ್ರೇಲರ್ ಇದ್ದರೆ 4 ಪಿಎಸ್‌ಐಗಿಂತ (ಗಾಳಿಯ ಒತ್ತಡದ ಅಳತೆ) ಜಾಸ್ತಿ ಇಳಿದರೆ ಎಲ್ಲೋ ಸೋರಿಕೆ ಇದೆ. ಆಮೇಲೆ ಕೀ ಆನ್ ಇಟ್ಟು ಪೆಡಲನ್ನು ಮತ್ತೆ ಮತ್ತೆ ಒತ್ತಿ ಗಾಳಿ ಇಳಿಸಿ. ಸುಮಾರು 60 ಪಿಎಸ್‌ಐಗೆ ಬರುವಷ್ಟರಲ್ಲಿ ಎಚ್ಚರಿಕೆಯ ಲೈಟ್ ಅಥವಾ ಬಜರ್ ಬರಲೇಬೇಕು. ಮತ್ತೆ ಗಾಳಿ ತುಂಬಿಸಿ, ಅಡ್ಡ ತೆಗೆದು, ನಿಧಾನವಾಗಿ ನಾಲ್ಕು ಮಾರು ಮುಂದೆ ಹೋಗಿ ಬ್ರೇಕ್ ಹಿಡಿದು ನೋಡಿ.

ದೋಷ ಸಿಕ್ಕರೆ? ಇಲ್ಲೇ ಜಗಳ ಶುರುವಾಗುವುದು. ಅದಕ್ಕೇ ಮಾಲೀಕರೂ ಡ್ರೈವರೂ ಹಗಲು ಹೊತ್ತಿನಲ್ಲಿ, ಸಮಾಧಾನವಾಗಿ ಕೂತು ಮೊದಲೇ ಮಾತಾಡಿಕೊಂಡಿರಬೇಕು. ಬ್ರೇಕ್, ಸ್ಟೀರಿಂಗ್, ಟೈರ್, ಲೈಟ್, ಲೋಡ್ ಕಟ್ಟಿದ ರೀತಿ: ಇವುಗಳಲ್ಲಿ ಒಂದು ಸರಿ ಇಲ್ಲದಿದ್ದರೂ ಗಾಡಿ ನಿಲ್ಲಬೇಕು. ಕ್ಯಾಬಿನ್ನಿನ ಫ್ಯಾನ್ ತಿರುಗುತ್ತಿಲ್ಲ ಎಂದರೆ ಬರೆದಿಟ್ಟು ಹೊರಡಬಹುದು. ಗಾಡಿ ನಿಲ್ಲಿಸಿದ ಡ್ರೈವರ್‌ನ ಸಂಬಳಕ್ಕೆ ಕೈ ಹಾಕುವುದಿಲ್ಲ ಎಂದು ಮಾಲೀಕರು ಬಾಯಿಬಿಟ್ಟು ಹೇಳಿರಬೇಕು. ಆ ಭರವಸೆ ಇಲ್ಲದಿದ್ದರೆ ದೋಷ ಕಂಡರೂ ಅವನು ಬಾಯಿ ಬಿಡಲಾರ.

ನಿಲ್ಲಿಸಿದ ಕೂಡಲೇ ಸರಕು ಇಳಿಸಿಕೊಳ್ಳುವವರಿಗೆ ಫೋನ್ ಮಾಡಿ. ‘ಸ್ವಲ್ಪ ಲೇಟು’ ಎನ್ನಬೇಡಿ, ‘40 ನಿಮಿಷ ತಡ’ ಎನ್ನಿ. ಅವರು ಬೇರೆ ಗಾಡಿಯನ್ನು ಮೊದಲು ಖಾಲಿ ಮಾಡಿಕೊಳ್ಳಬಹುದು. ಆ 40 ನಿಮಿಷವನ್ನು ದಾರಿಯಲ್ಲಿ ವೇಗದಿಂದಲೋ ನಿದ್ದೆ ಬಿಟ್ಟೋ ತುಂಬಿಸಲು ಹೋಗಬೇಡಿ.

ಹೊರಟ ಮೇಲೂ ಒಂದು ನಿಲುಗಡೆ ಇದೆ. ಓಡುವಾಗ ಸರಕು ಕುಸಿದು ಕೂರುತ್ತದೆ, ಬಿಗಿದ ಹಗ್ಗ, ಬೆಲ್ಟ್ ಸಡಿಲವಾಗುತ್ತದೆ. ಮೊದಲ 80 ಕಿ.ಮೀ. ಒಳಗೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಮತ್ತೆ ಬಿಗಿಯಿರಿ. ತಲುಪುವ ಸಮಯ ಹೇಳುವಾಗ ಈ 10 ನಿಮಿಷವನ್ನೂ ಸೇರಿಸಿಯೇ ಹೇಳಿ.