ಸ್ವಿಂಗ್ ಬದಲಿಸದೆ ಗಾಲ್ಫ್ ಸ್ಕೋರ್ ಇಳಿಸುವುದು ಹೇಗೆ?

ಹೊಸ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು) ಬಂದಿದೆ, ಕೋಚ್ ಹತ್ತಿರ ಪಾಠವೂ ಆಗಿದೆ. ಸ್ಕೋರ್ ಮಾತ್ರ 102, 105ರಿಂದ ಕೆಳಗಿಳಿಯುತ್ತಿಲ್ಲ. ಇಂಥವರು ಮೊದಲು ಒಂದು ಸಣ್ಣ ಲೆಕ್ಕ ನೋಡಬೇಕು. ಪಾರ್ ಎಂದರೆ ನುರಿತ ಆಟಗಾರನಿಗೆ ಬೇಕಾಗುವ ಹೊಡೆತಗಳ ಲೆಕ್ಕ. ಪಾರ್ 72ರ ಕೋರ್ಸಿನಲ್ಲಿ 18 ಹೋಲ್‌ಗಳಲ್ಲೂ ಬೋಗಿ, ಅಂದರೆ ಪಾರ್‌ಗಿಂತ ಒಂದೊಂದು ಹೊಡೆತ ಜಾಸ್ತಿ ಆಡಿದರೂ ಸ್ಕೋರ್ 90. ಒಂದೇ ಒಂದು ಪಾರ್ ಬೇಕಿಲ್ಲ, ಪಾರ್‌ಗಿಂತ ಒಂದು ಕಡಿಮೆಯ ಬರ್ಡಿಯ ಮಾತಂತೂ ದೂರವೇ ಉಳಿಯಿತು. ನಿಮ್ಮನ್ನು ನೂರರ ಮೇಲೆ ಕೂರಿಸಿರುವುದು ಕಾರ್ಡಿನಲ್ಲಿ ಅಲ್ಲಲ್ಲಿ ಕಾಣುವ ಏಳು, ಎಂಟುಗಳು. ಅವನ್ನು ಆರಕ್ಕೆ ಇಳಿಸಿದರೆ ಸಾಕು.

ಹಳೇ ಕಾರ್ಡ್ ತೆಗೆಯಿರಿ

ಕೊನೆಯ ನಾಲ್ಕೈದು ಕಾರ್ಡ್ ಹುಡುಕಿ, ಡಬಲ್ ಬೋಗಿ (ಪಾರ್‌ಗಿಂತ ಎರಡು ಜಾಸ್ತಿ) ಮತ್ತು ಅದಕ್ಕೂ ಮೇಲಿನ ಅಂಕಿಗಳಿಗೆ ಸುತ್ತು ಹಾಕಿ. ಪಕ್ಕದಲ್ಲಿ ಕಾರಣ ಬರೆಯಿರಿ: ಹೊರಗೆ ಹೋಯಿತು, ನೀರು, ಮರ, ಬಂಕರ್ ಎಂಬ ಮರಳುಗುಂಡಿ, ಮೂರು ಪಟ್ (ರಂಧ್ರದ ಸುತ್ತಲಿನ ನುಣುಪು ಹುಲ್ಲು, ಅಂದರೆ ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ). ‘ಸ್ವಿಂಗ್ ಸರಿಯಿಲ್ಲ’ ಎಂದು ಮಾತ್ರ ಬರೆಯಬೇಡಿ. ಅದು ಯಾರದ್ದೂ ಸರಿಯಿಲ್ಲ. ಬಹುತೇಕರಿಗೆ ಒಂದೆರಡು ಕಾರಣಗಳೇ ಮತ್ತೆ ಮತ್ತೆ ಸಿಗುತ್ತವೆ.

ಟೀ ಮೇಲೆ ನಿಂತಾಗ

ಟೀ ಎಂದರೆ ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ. ಅಲ್ಲಿ ಮೊದಲು ಆಚೀಚೆ ನೆಟ್ಟಿರುವ ಗೂಟದ ಬಣ್ಣ ನೋಡಿ. ಕೆಂಪು ಗೂಟದ ಆಚೆ ಚೆಂಡು ಹೋದರೆ ಒಂದು ಹೊಡೆತದ ದಂಡ. ಅದು ಗೆರೆ ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ ಡ್ರಾಪ್ ಮಾಡಿ, ಅಂದರೆ ಕೈಯಿಂದ ಚೆಂಡು ಬೀಳಿಸಿ, ಮುಂದೆ ಆಡಬಹುದು. ಬಿಳಿ ಗೂಟ ದಾಟಿದರೆ ದಂಡವೂ ಉಂಟು, ದೂರವೂ ಹೋಯಿತು. ಮತ್ತೆ ಟೀಯಿಂದಲೇ ಮೂರನೇ ಹೊಡೆತ. ಆದ್ದರಿಂದ ಒಂದು ಕಡೆ ಬಿಳಿ, ಇನ್ನೊಂದು ಕಡೆ ಕೆಂಪು ಇದ್ದರೆ ಯಾವ ಕಡೆ ತಪ್ಪಬೇಕು ಎನ್ನುವುದನ್ನು ಹೊಡೆಯುವ ಮೊದಲೇ ತೀರ್ಮಾನಿಸಿ. ಬಲಗೈ ಆಟಗಾರರಾಗಿದ್ದು ಚೆಂಡು ಸದಾ ಬಲಕ್ಕೆ ಬಾಗುತ್ತಿದ್ದರೆ, ಟೀ ಬಾಕ್ಸಿನ ಬಲ ತುದಿಯಲ್ಲಿ ಟೀ (ಚೆಂಡು ಇಡುವ ಕಡ್ಡಿ) ಊರಿ ಎಡಕ್ಕೆ ಗುರಿ ಇಡಿ. ಫೇರ್‌ವೇ, ಅಂದರೆ ಹುಲ್ಲು ಕತ್ತರಿಸಿದ ನಡುದಾರಿ, ಅಗಲವಾದಂತೆ ಕಾಣುತ್ತದೆ, ಬಾಗುವುದಕ್ಕೆ ಜಾಗವೂ ಸಿಗುತ್ತದೆ.

‘ಡ್ರೈವರ್ ಬ್ಯಾಗಿನಲ್ಲೇ ಇರಲಿ’ ಎಂದು ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅಪಾರ ಹೊಡೆತಗಳ ಲೆಕ್ಕ ತೆಗೆದು ತೋರಿಸಿದ್ದಾರೆ: ಒಳ್ಳೆಯ ಆಟಗಾರರಿಗೂ ಸಾಧಾರಣ ಆಟಗಾರರಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಭಾಗ ಹುಟ್ಟುವುದು 100 ಯಾರ್ಡ್ ಆಚೆಯ ಹೊಡೆತಗಳಲ್ಲಿ. ಜಾಗ ಇದ್ದಲ್ಲಿ ಡ್ರೈವರ್ ಹೊಡೆಯಿರಿ. ಎರಡೂ ಕಡೆ ಬಿಳಿ ಗೂಟ ಇರುವ ಇಕ್ಕಟ್ಟಿನ ಹೋಲಿನಲ್ಲಿ ಮಾತ್ರ ಕೈ ಕಟ್ಟಿಕೊಳ್ಳಿ.

ಚೆಂಡು ಸಿಗುವುದು ಅನುಮಾನ ಎನಿಸಿದರೆ ಪ್ರೊವಿಷನಲ್ (ತಾತ್ಕಾಲಿಕ ಚೆಂಡು) ಎಂದು ಹೇಳಿ ಇನ್ನೊಂದನ್ನು ಆಗಲೇ ಆಡಿಬಿಡಿ. 2019ರಿಂದ ಹುಡುಕಲು ಮೂರೇ ನಿಮಿಷ.

ಮರಗಳ ನಡುವೆ ಸಿಕ್ಕಿಕೊಂಡಾಗ

ಎಂಟುಗಳು ತಯಾರಾಗುವುದು ಇಲ್ಲೇ. 380 ಯಾರ್ಡ್‌ನ ಪಾರ್ 4 ಎಂದುಕೊಳ್ಳಿ. ಡ್ರೈವ್, ಅಂದರೆ ಟೀಯಿಂದ ಹೊಡೆದ ಮೊದಲ ಹೊಡೆತ, ಮರಗಳೊಳಗೆ ಹೋಗಿದೆ, ಇನ್ನೂ 190 ಯಾರ್ಡ್ ಬಾಕಿ. ಎರಡು ಕಾಂಡಗಳ ನಡುವೆ ಎರಡಡಿ ಸಂದು. ಅದರ ಆಚೆ ಬಾವುಟ ಕಾಣಿಸುತ್ತಿದೆ, ಕೈ ತುರಿಸುತ್ತಿದೆ.

ಸಂದಿನಲ್ಲಿ ಹೊಡೆದದ್ದು ಸರಿಯಾಗಿಯೇ ಹೋಯಿತು ಅನ್ನಿ. ಚೆಂಡು ಗ್ರೀನ್ ಹತ್ತಿರ ಬಂತು, ಒಂದು ಚಿಪ್ (ಗ್ರೀನ್ ಮೇಲೆ ಹಾಕುವ ಗಿಡ್ಡ ಹೊಡೆತ), ಎರಡು ಪಟ್. ಐದು. ಸುಮ್ನೆ ಪಕ್ಕಕ್ಕೆ ಫೇರ್‌ವೇಗೆ ತಳ್ಳಿದ್ದರೆ ಮೂರನೆಯದು ಗ್ರೀನ್ ಹತ್ತಿರ, ಆಮೇಲೆ ಚಿಪ್, ಎರಡು ಪಟ್. ಆರು. ಕಾಂಡಕ್ಕೆ ಬಡಿದು ಚೆಂಡು ಕಾಲ ಬಳಿಗೇ ವಾಪಸ್ ಬಂದರೆ ಏಳು. ಹಟಕ್ಕೆ ಬಿದ್ದು ಅದೇ ಸಂದಿಗೆ ಮತ್ತೊಮ್ಮೆ ಹೊಡೆದು ತಪ್ಪಿದರೆ ಎಂಟು. ಗೆದ್ದರೆ ಒಂದು ಸ್ಟ್ರೋಕ್ ಲಾಭ, ಸೋತರೆ ಒಂದೋ ಎರಡೋ ನಷ್ಟ. ಆ ಸಂದಿನಲ್ಲಿ ಹತ್ತು ಸಲಕ್ಕೆ ಏಳೆಂಟು ಸಲ ತೂರಿಸಬಲ್ಲಿರಾದರೆ ಹೊಡೆಯಿರಿ. ಇಲ್ಲವಾದರೆ 8 ಐರನ್ (ಮಧ್ಯಮ ದೂರದ ಕ್ಲಬ್) ತಗ್ಗಿಸಿ ಹಿಡಿದು, ಅತಿ ಅಗಲದ ದಾರಿ ನೋಡಿ ಹೊರಬನ್ನಿ.

ಈ ತಪ್ಪು ದೊಡ್ಡವರನ್ನೂ ಬಿಟ್ಟಿಲ್ಲ. 1999ರಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆದ ಓಪನ್ ಚಾಂಪಿಯನ್‌ಶಿಪ್. ಫ್ರಾನ್ಸಿನ ಜಾನ್ ವಾನ್ ಡಿ ವೆಲ್ಡ್‌ಗೆ ಕೊನೆಯ ಹೋಲಿನಲ್ಲಿ ಮೂರು ಹೊಡೆತಗಳ ಮುನ್ನಡೆ. ಆ ಪಾರ್ 4ರಲ್ಲಿ ಆರು ಹೊಡೆದಿದ್ದರೂ ಕಪ್ ಅವರದ್ದೇ. ಡ್ರೈವ್ ಬಲಕ್ಕೆ ಹೋದರೂ ಬಚಾವಾಯಿತು. ಗಿಡ್ಡ ದೂರದ ವೆಜ್‌ನಲ್ಲಿ ಮುಂದೆ ತಳ್ಳುವ ಬದಲು ದೂರ ಹೊಡೆಯುವ 2 ಐರನ್ ತೆಗೆದರು. ಚೆಂಡು ಪ್ರೇಕ್ಷಕರ ಗ್ಯಾಲರಿಗೆ ಬಡಿದು ಹಿಂದಕ್ಕೆ ಹಾರಿ ದಟ್ಟ ಹುಲ್ಲಿಗೆ ಬಿತ್ತು. ಮೂರನೆಯದು ಬ್ಯಾರಿ ಬರ್ನ್ ಎಂಬ ಹಳ್ಳಕ್ಕೆ. ಬೂಟು ಬಿಚ್ಚಿ, ಪ್ಯಾಂಟ್ ಮಡಚಿ ನೀರಿಗಿಳಿದರು. ಕೊನೆಗೆ ದಂಡ ಕಟ್ಟಿ ಡ್ರಾಪ್ ಮಾಡಿದರು. ಐದನೆಯದು ಬಂಕರ್. ಒಟ್ಟು ಏಳು. ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದರು.

ಗ್ರೀನ್ ಕಡೆಗೆ

ಯಾವತ್ತೋ ಒಮ್ಮೆ 150 ಯಾರ್ಡ್ ಹೋದ 7 ಐರನ್ ಎಲ್ಲರಿಗೂ ನೆನಪಿರುತ್ತದೆ. ಉಳಿದ ಸಲ ಅದು 135 ಹೋಗಿದ್ದು ಮರೆತಿರುತ್ತದೆ, ಅಲ್ವಾ? ಅಭ್ಯಾಸದ ರೇಂಜ್‌ನಲ್ಲಿ ಒಂದೊಂದು ಕ್ಲಬ್‌ಗೂ ಹತ್ತು ಚೆಂಡು ಹೊಡೆದು, ಹೆಚ್ಚಿನವು ಎಲ್ಲಿ ಬಿದ್ದವು ಎಂದು ಬರೆದಿಟ್ಟುಕೊಳ್ಳಿ. ಆಟದಲ್ಲಿ ಅದಕ್ಕಿಂತ ಒಂದು ಕ್ಲಬ್ ದೊಡ್ಡದು ತೆಗೆದುಕೊಂಡು, ಬಾವುಟ ಎಲ್ಲೇ ಇರಲಿ, ಗ್ರೀನಿನ ನಡುವಿಗೆ ಹೊಡೆಯಿರಿ. ಸಾಮಾನ್ಯವಾಗಿ ಬಂಕರ್, ನೀರು ಇರುವುದು ಮುಂಭಾಗದಲ್ಲಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು, ಚೆಂಡು ತುಸು ಜಾಸ್ತಿ ಹಾರುತ್ತದೆ. ಇಲ್ಲಿನ ಅಳತೆ ಹಿಡಿದು ಮಂಗಳೂರಿನಲ್ಲೋ ಚೆನ್ನೈನಲ್ಲೋ ಆಡಿದರೆ ಹೊಡೆತ ಗಿಡ್ಡವಾಗುತ್ತದೆ. ಮಳೆಗಾಲದಲ್ಲಂತೂ ಬಿದ್ದ ಚೆಂಡು ಉರುಳುವುದೇ ಇಲ್ಲ.

ಗ್ರೀನ್ ಅಂಚಿನಲ್ಲಿ ಪಟರ್ ಸಾಗುವಂತಿದ್ದರೆ ಪಟರ್. ಆಗದಿದ್ದರೆ ಕೆಳಮಟ್ಟದಲ್ಲಿ ಉರುಳುವ ಚಿಪ್. ಎತ್ತರಕ್ಕೆ ತೇಲಿಸುವುದು ಬೇರೆ ದಾರಿಯೇ ಇಲ್ಲದಾಗ.

ಪಟಿಂಗ್‌ನಲ್ಲಿ ಆಸೆ ಕಡಿಮೆ ಇರಲಿ. ಪಿಜಿಎ ಟೂರ್‌ನ ವೃತ್ತಿಪರರೇ ಎಂಟಡಿ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಹಾಕುತ್ತಾರೆ. ಮೂವತ್ತಡಿಯಿಂದ ನಿಮಗೆ ಬೇಕಾದದ್ದು ದೂರದ ಅಂದಾಜು. ರಂಧ್ರದಿಂದ ಮೂರಡಿ ಒಳಗೆ ನಿಂತರೆ ಅದು ಒಳ್ಳೇ ಪಟ್. ಆಟ ಶುರುವಾಗುವ ಮೊದಲಿನ ಹತ್ತು ನಿಮಿಷವನ್ನು ಉದ್ದ ಪಟ್‌ಗೇ ಕೊಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಡ್ರೈವಿಂಗ್ ದೂರದಲ್ಲಿ ಕೊನೆಯ ಸಾಲಿನಲ್ಲಿದ್ದರು. ಪಟಿಂಗ್ ಬಲದಿಂದಲೇ ನಾಲ್ಕನೇ ಸ್ಥಾನಕ್ಕೆ ಬಂದರು.

ಕ್ಯಾಡಿ ಮಾತು ಕೇಳಿ

ನಮ್ಮ ಕ್ಲಬ್‌ಗಳಲ್ಲಿ ಗ್ರೀನಿನ ಇಳಿಜಾರು ನಿಮಗಿಂತ ಚೆನ್ನಾಗಿ ಗೊತ್ತಿರುವುದು ಬ್ಯಾಗ್ ಹೊತ್ತು ಜೊತೆಗೆ ಬರುವ ಕ್ಯಾಡಿಗಳಿಗೆ. 2009ರ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿಯೇ ಶುರು ಮಾಡಿದವರು. ಮೊದಲ ಟೀಯಲ್ಲೇ ನಿಮ್ಮ ನಿಜವಾದ ದೂರ ಹೇಳಿಬಿಡಿ: ‘ಅಣ್ಣಾ, ನನ್ನ 7 ಐರನ್ 135 ಅಷ್ಟೇ.’ ನಾಚಿಕೊಂಡು 150 ಎಂದರೆ ಅವರು ಅದನ್ನೇ ನಂಬಿ ಕ್ಲಬ್ ಕೊಡುತ್ತಾರೆ. ಚೆಂಡು ಮುಂದಿನ ಬಂಕರ್‌ಗೆ ಬೀಳುತ್ತದೆ.